ಸಾಸವಡದಿಂದ ತಂದ ಶ್ರುತಿ

ಐದು ವರ್ಷದ ಹಿಂದೆ, ಡಿಸೆಂಬರ್ ತಿಂಗಳ ಒಂದು ಭಾನುವಾರ, ನನ್ನ ತಮ್ಮನ ಮೇಲೆ ಬಂದ ತಪ್ಪನ್ನು ನನ್ನದೆಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ಹೆಜ್ಜೆ ನಡೆದು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ನಿಂತಲ್ಲೇ ನಿಂತು ವೈರು ಸುತ್ತುತ್ತಿದ್ದೆ.

ಆಗ ನಾನು ಪುಣೆಯ ಒಂದು ಹಾಡಿನ ತಂಡದಲ್ಲಿ ಗಿಟಾರ್ ಟೆಕ್ನೀಷಿಯನ್ ಆಗಿದ್ದೆ. ಈಗಲೂ ಅದೇ ಕೆಲಸ. ಇಂಥದ್ದೊಂದು ಕೆಲಸ ಇದೆಯೆಂದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವೇದಿಕೆಯ ಮೇಲೆ ಗಿಟಾರ್ ನುಡಿಸುವವನು ಎಲ್ಲರಿಗೂ ಕಾಣುತ್ತಾನೆ. ಪಕ್ಕದಲ್ಲಿ ಪರದೆಯ ಹಿಂದೆ ಒಂದು ಮೇಜು ಹಾಕಿಕೊಂಡು ಅವನ ಎರಡನೆಯ ಗಿಟಾರನ್ನು ಶ್ರುತಿ ಮಾಡುತ್ತ ಕುಳಿತವರು ಕಾಣುವುದಿಲ್ಲ. ಗಿಟಾರಿನ ತಂತಿ ಬಹಳ ಚಂಚಲ. ದೀಪದ ಕಾವಿಗೆ ಹಿಗ್ಗಿ ಸ್ವರ ಇಳಿಯುತ್ತದೆ, ಎ.ಸಿ. ಕೋಣೆಯಿಂದ ತಂದು ಬಯಲಲ್ಲಿ ಇಟ್ಟರೆ ಬದಲಾಗುತ್ತದೆ, ಹೊಸ ತಂತಿಯಾದರೆ ಎರಡು ಹಾಡಿಗೇ ಸಡಿಲಾಗುತ್ತದೆ. ಆದ್ದರಿಂದ ನಾನು ಹಿಂದಿನ ದಿನವೇ ತಂತಿ ಹಾಕಿ, ಒಂದೊಂದನ್ನೂ ಬೆರಳಿನಿಂದ ಹತ್ತಿಪ್ಪತ್ತು ಸಲ ಎಳೆದು ಅದರ ಜಗ್ಗು ತೆಗೆಯುತ್ತೇನೆ. ಕತ್ತಿನ ತುದಿಯಲ್ಲಿ ತಂತಿ ಹಾದುಹೋಗುವ ಗೀರುಗಳಿಗೆ ಪೆನ್ಸಿಲ್ ಸೀಸ ತುಂಬುತ್ತೇನೆ, ತಂತಿ ಅಲ್ಲಿ ಸಿಕ್ಕಿಕೊಳ್ಳದೆ ಜಾರಲಿ ಎಂದು. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಗಿಟಾರುಗಳನ್ನು ವೇದಿಕೆಯ ಗಾಳಿಗೆ ಒಡ್ಡಿ ಇಡುತ್ತೇನೆ. ಎರಡು ಹಾಡು ಮುಗಿದ ಕೂಡಲೇ ನುಡಿಸಿದ ಗಿಟಾರ್ ಇಸಿದುಕೊಂಡು ಶ್ರುತಿ ಮಾಡಿದ್ದನ್ನು ಕೊಡುತ್ತೇನೆ.

ಶ್ರುತಿ ನೋಡುವುದಕ್ಕೆ ಟ್ಯೂನರ್ ಎಂಬ ಕಬ್ಬಿಣದ ಡಬ್ಬಿ ಇರುತ್ತದೆ. ಸುತ್ತಲೂ ಡ್ರಮ್ಮು, ಜನರ ಗದ್ದಲ ಇರುವಾಗ ಕಿವಿಯಿಂದ ಶ್ರುತಿ ಮಾಡಲು ಆಗುವುದಿಲ್ಲ. ಗಿಟಾರಿನ ವೈರು ಡಬ್ಬಿಗೆ ಚುಚ್ಚಿ ತಂತಿ ಮೀಟಿದರೆ, ಸ್ವರ ತಪ್ಪಿದ್ದರೆ ಕೆಂಪು ದೀಪ, ಸರಿಯಿದ್ದರೆ ಹಸಿರು. ಸರಿ ಎಂದರೆ ಯಾವುದಕ್ಕೆ ಸರಿ? ಎ ಎನ್ನುವ ಸ್ವರ ಒಂದು ಸೆಕೆಂಡಿಗೆ 440 ಸಲ ಕಂಪಿಸಬೇಕು ಎಂದು ಎಲ್ಲ ಕಡೆ ಒಪ್ಪಿಕೊಂಡಿದ್ದಾರೆ. ಕೀಬೋರ್ಡ್, ಬೇಸ್ ಗಿಟಾರ್ ಎಲ್ಲ ಅದಕ್ಕೇ ಹೊಂದಿರುತ್ತವೆ. ಬೇಕಾದರೆ ಡಬ್ಬಿಯೊಳಗಿನ ಆ ಅಂಕಿಯನ್ನು ಬದಲಿಸಬಹುದು. ಅದಕ್ಕೆ ಹಿಂಬದಿಯಲ್ಲಿ ಏರಿಸಲು ಒಂದು, ಇಳಿಸಲು ಒಂದು ಗುಂಡಿ ಇವೆ. ಸುಮ್ಮನೆ ಕೈ ತಾಗಿ ಬದಲಾಗದಿರಲಿ ಎಂದು ಅವನ್ನು ಸಣ್ಣ ತೂತಿನೊಳಗೆ ಇಟ್ಟಿದ್ದಾರೆ. ನಾನು ಬಳೆಗೆ ಸಿಕ್ಕಿಸಿಕೊಂಡಿರುವ ಸೇಫ್ಟಿ ಪಿನ್ನಿನಿಂದ ಅವನ್ನು ಒತ್ತುತ್ತಿದ್ದೆ.

ನಮ್ಮ ಮನೆಯವರಿಗೂ ಗಿಟಾರಿಗೂ ಏನೂ ಸಂಬಂಧ ಇರಲಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ನಾವು. ಅಪ್ಪ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಒಂದು ಕಟ್ಟಡ ಮುಗಿದರೆ ಇನ್ನೊಂದರ ಪಕ್ಕ ತಗಡಿನ ಮನೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಪುಣೆಯ ಕೊಂಢವಾದಲ್ಲಿ ಗಿಟಾರ್ ರಿಪೇರಿ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಕಸ ಗುಡಿಸಲು ಸೇರಿದವಳು, ಪಾಲಿಶ್ ಕಲಿತೆ, ತಂತಿ ಹಾಕುವುದು ಕಲಿತೆ. ನನ್ನ ತಮ್ಮ ಭೀಮು ನನಗಿಂತ ಆರು ವರ್ಷ ಚಿಕ್ಕವನು. ಹಗಲು ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ, ಸಂಜೆ ನನ್ನನ್ನು ಕರೆದೊಯ್ಯಲು ಕಾರ್ಖಾನೆಗೆ ಬರುತ್ತಿದ್ದ. ಬಂದವನು ಸುಮ್ಮನೆ ಕೂರದೆ ನಾನು ತಂತಿ ಹಾಕಿದ ಗಿಟಾರುಗಳನ್ನು ನುಡಿಸಿ ನೋಡುತ್ತಿದ್ದ. ಯಾರೂ ಕಲಿಸಲಿಲ್ಲ. ಮೂರು ವರ್ಷದಲ್ಲಿ ಗಿರಾಕಿಗಳೇ ನಿಂತು ಕೇಳುವ ಹಾಗೆ ನುಡಿಸಿದ.

ಹಾಗೆ ನಿಂತು ಕೇಳಿದವರಲ್ಲಿ ಅಭಿಜಿತ್ ಒಬ್ಬ. ಅವನು ಹಾಡುಗಾರ, ತಂಡ ಅವನದು. ಭೀಮುವನ್ನು ಕರೆದ. ಭೀಮು ಹೋಗುವಾಗ ಒಂದು ಷರತ್ತು ಹಾಕಿದ. ತಂತಿ ನನ್ನ ಅಕ್ಕನೇ ಹಾಕಬೇಕು, ಅವಳನ್ನೂ ತಂಡಕ್ಕೆ ತೆಗೆದುಕೊಳ್ಳಿ. ನನಗೆ ಈ ಕೆಲಸ ಸಿಕ್ಕಿದ್ದು ಅವನಿಂದ. ಇದನ್ನು ಓದುವವರು ಈ ಮಾತು ಮರೆಯಬಾರದು.

ಇನ್ನೊಂದು ವಿಷಯವನ್ನೂ ಹೇಳಬೇಕು. ಭೀಮುಗೆ ಚಿಕ್ಕಂದಿನಲ್ಲಿ ಎಡಗಿವಿ ಸೋರುತ್ತಿತ್ತು. ಹನ್ನೆರಡು ವರ್ಷಕ್ಕೆ ವಾಸಿಯಾಯಿತು. ಆದರೆ ಓಣಿಯ ಹುಡುಗರು ಅವನನ್ನು ಕಿವುಡ ಎಂದು ಕಾಡಿದ್ದು ಅವನೊಳಗೆ ಉಳಿದಿತ್ತು. ಯಾರಾದರೂ ಮೆಲ್ಲಗೆ ಮಾತಾಡಿದರೆ ಬಲಗಿವಿ ಮುಂದೆ ಮಾಡುತ್ತಿದ್ದ.

ಆ ಡಿಸೆಂಬರಿನಲ್ಲಿ ಭಾನುವಾರದ ಕಾರ್ಯಕ್ರಮಕ್ಕೆ ಎಂಟು ದಿನ ಮೊದಲು ಪುಣೆ ಹತ್ತಿರದ ಸಾಸವಡ ಊರಿನಲ್ಲಿ ಒಂದು ಅಭಂಗ ಭಜನೆಯ ಕಾರ್ಯಕ್ರಮ ಇತ್ತು. ಅಲ್ಲಿಯ ಹಿರಿಯ ಹಾರ್ಮೋನಿಯಂ ವಾದಕರೊಬ್ಬರ ಜೊತೆ ಭೀಮು ಗಿಟಾರ್ ನುಡಿಸಬೇಕಿತ್ತು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರ ಪೆಟ್ಟಿಗೆ ಬಹಳ ಹಳೆಯದು, ಸ್ವರ ಸ್ವಲ್ಪ ಏರಿತ್ತು. ಹಾರ್ಮೋನಿಯಂ ಶ್ರುತಿಯನ್ನು ನಿಂತ ಕಾಲಲ್ಲಿ ಬದಲಿಸಲು ಬರುವುದಿಲ್ಲ, ಗಿಟಾರೇ ಅದಕ್ಕೆ ಹೊಂದಬೇಕು. ನಾನು ಇದನ್ನು ಹೇಗೆ ಹೇಳುವುದು ಎಂದು ಅಂಜುತ್ತಿದ್ದಾಗ ಕಾಕಾ ಅವರೇ ಮರಾಠಿಯಲ್ಲಿ ನಗುತ್ತ ಹೇಳಿದರು.

“ಬೇಟಾ, ನನ್ನ ಪೆಟ್ಟಿಗೆ ಈ ಮನೆಯ ಅತ್ತೆ. ವಯಸ್ಸಾಯಿತು, ಇನ್ನು ಸ್ವಭಾವ ಬದಲಾಗೋದಿಲ್ಲ. ಹೊಸ ಸೊಸೆ ನಿನ್ನ ಗಿಟಾರು, ಅದೇ ಹೊಂದಿಕೊಳ್ಳಲಿ.”

ನಾನು ಪಿನ್ನು ತೆಗೆದು ಏರಿಸುವ ಗುಂಡಿಯನ್ನು ಐದು ಸಲ ಒತ್ತಿ, ಟ್ಯೂನರಿನ ಅಂಕಿಯನ್ನು 445ಕ್ಕೆ ತಂದೆ. ಎರಡೂ ಗಿಟಾರುಗಳನ್ನು ಆ ಲೆಕ್ಕಕ್ಕೆ ಏರಿಸಿದೆ. ಕಾರ್ಯಕ್ರಮ ಚೆನ್ನಾಗಿ ಆಯಿತು. ಕಾಕಾ ಭೀಮುವಿನ ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಬಂದೆ. ಅಂಕಿಯನ್ನು ಹಿಂದಕ್ಕೆ ತರಲಿಲ್ಲ.

ಭಾನುವಾರ ಕೊಂಢವಾದ ಒಂದು ಹೌಸಿಂಗ್ ಸೊಸೈಟಿಯ ಮೈದಾನ, ಸಂಜೆ ಐದು ಗಂಟೆ. ಅವತ್ತು ಮುಂದಿನ ಸಾಲಿನಲ್ಲಿ ಒಬ್ಬರು ಬಂದು ಕುಳಿತಿದ್ದರು. ಮುಂಬಯಿಯ ಒಬ್ಬ ಗಾಯಕಿಯ ಪ್ರವಾಸದ ತಂಡಕ್ಕೆ ಜನರನ್ನು ಆರಿಸುವವರು. ಭೀಮುವನ್ನು ಕೇಳಲೆಂದೇ ಅವರನ್ನು ಅಭಿಜಿತ್ ಕರೆಸಿದ್ದ. ಆರಿಸಿಕೊಂಡರೆ ಭೀಮು ಬಣ್ಣದ ಬ್ರಷ್ ಕೆಳಗಿಡಬಹುದಿತ್ತು. ಬೆಳಿಗ್ಗೆ ಅವನು ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ತಿಕ್ಕಿದ್ದ.

ಕೀಬೋರ್ಡ್ ನುಡಿಸುವವನು ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದ. ಹಾಗಾಗಿ ಎಲ್ಲರೂ ಒಟ್ಟಿಗೆ ನುಡಿಸಿ ನೋಡುವುದು ಆಗಲಿಲ್ಲ. ನಾನು ಎರಡೂ ಗಿಟಾರುಗಳನ್ನು ಶ್ರುತಿ ಮಾಡಿದೆ. ಆರಕ್ಕೆ ಆರು ತಂತಿ, ಆರೂ ಹಸಿರು.

ಮೊದಲ ಹಾಡು ಶುರುವಾದ ಅರ್ಧ ನಿಮಿಷಕ್ಕೆ ಭೀಮು ನನ್ನ ಕಡೆ ನೋಡಿದ. ನಮ್ಮಲ್ಲಿ ಕೈಸನ್ನೆಗಳು ಇದ್ದವು. ಕಿವಿ ಮುಟ್ಟಿ ಬೆರಳು ಕೆಳಗೆ ಮಾಡಿದರೆ ಸ್ವರ ಇಳಿದಿದೆ ಎಂದು, ಮೇಲೆ ಮಾಡಿದರೆ ಏರಿದೆ ಎಂದು. ಅವನು ಬೆರಳು ಮೇಲೆ ಮಾಡಿದ. ನನಗೆ ನಂಬಿಕೆಯಾಗಲಿಲ್ಲ. ಸಂಜೆಯ ತಂಪಿನಲ್ಲಿ ಸ್ವರ ತುಸು ಏರಬಹುದು, ಆದರೆ ಅರ್ಧ ನಿಮಿಷದಲ್ಲಿ ಅಷ್ಟು ಏರುವುದಿಲ್ಲ. ನಾನು ಅಂಗೈ ಚಪ್ಪಟೆ ಮಾಡಿ ತೋರಿಸಿದೆ. ಸರಿಯಿದೆ, ನುಡಿಸು.

ಅವನು ಹಾಡಿನ ನಡುವೆ ಸಿಕ್ಕ ಬಿಡುವಿನಲ್ಲಿ ತಾನೇ ಕತ್ತಿನ ತುದಿಯ ಬಿರಡೆ ತಿರುಗಿಸಿ ತಂತಿಗಳನ್ನು ಇಳಿಸಿದ. ಆ ಗದ್ದಲದಲ್ಲಿ, ಕೀಬೋರ್ಡಿನ ಸ್ವರ ಹಿಡಿದು, ಬರೀ ಕಿವಿಯಿಂದ. ಎರಡನೆಯ ಹಾಡು ಕೇಳಲು ಹಿತವಾಗಿತ್ತು ಎಂದು ನನಗೂ ಅನ್ನಿಸಿತ್ತು. ಹಾಡು ಮುಗಿದು ಅವನು ಗಿಟಾರ್ ಕೊಟ್ಟಾಗ ನಾನು ಡಬ್ಬಿಗೆ ಚುಚ್ಚಿ ನೋಡಿದರೆ ಆರೂ ತಂತಿ ಕೆಂಪು. ಇವನು ಎಲ್ಲ ಕೆಡಿಸಿಟ್ಟಿದ್ದಾನೆ ಎಂದುಕೊಂಡು ಮತ್ತೆ ಏರಿಸಿ ಹಸಿರು ಮಾಡಿದೆ. ಅಷ್ಟರಲ್ಲಿ ಅವನ ಕೈಯಲ್ಲಿ ಎರಡನೆಯ ಗಿಟಾರ್ ಇತ್ತು. ಅದೂ ನನ್ನ ಡಬ್ಬಿಯ ಹಸಿರೇ.

ಮೂರನೆಯ ಹಾಡಿಗೆ ಜನ ಮುಖ ಮುಖ ನೋಡಿಕೊಂಡರು. ಗಿಟಾರ್ ಒಂದೇ ತಂಡದಿಂದ ಬೇರೆಯಾಗಿ, ಹುಳಿ ಹಿಂಡಿದ ಹಾಗೆ ಕೇಳುತ್ತಿತ್ತು. ಭೀಮು ಬದಿಗೆ ಬಂದು ಬಗ್ಗಿ ಹೇಳಿದ.

“ಅಕ್ಕಾ, ಎರಡೂ ಮ್ಯಾಲ ಅವ.”

“ಹಸಿರು ಬಂದದಪಾ. ಎರಡ ಸಲ ನೋಡೀನಿ.”

“ನನಗ ಹಂಗ ಕೇಳವಲ್ದು.”

“ಕಿವಿ ಬಿಡು. ಡಬ್ಬಿ ನಂಬು.”

ಗಿಟಾರ್ ಬದಲಿಸಿದರೂ ಅದೇ ದೋಷ ಬಂದರೆ ದೋಷ ಗಿಟಾರಿನದಲ್ಲ, ನುಡಿಸುವವನದು ಎಂದು ಯಾರಾದರೂ ತಿಳಿಯುತ್ತಾರೆ. ಭೀಮುವೂ ಹಾಗೆಯೇ ತಿಳಿದ. ಆಮೇಲೆ ಅವನು ನನ್ನ ಕಡೆ ನೋಡಲಿಲ್ಲ. ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ, ತಂತಿಯನ್ನು ಮೆಲ್ಲಗೆ, ಮುಟ್ಟಿದರೆ ಸುಟ್ಟೀತು ಎನ್ನುವ ಹಾಗೆ ಮುಟ್ಟುತ್ತ ಇನ್ನೂ ನಾಲ್ಕು ಹಾಡು ನುಡಿಸಿದ. ಅವನನ್ನು ಕೇಳಲು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಐದನೆಯ ಹಾಡಿಗೆ ಎದ್ದು ಹೋದರು.

ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವಾಗ ಕರೆಂಟಿನ ಪಿನ್ನು ಸಡಿಲಾಗಿದೆಯೋ ನೋಡೋಣ ಎಂದು ಟ್ಯೂನರಿನ ಪ್ಲಗ್ ತೆಗೆದು ಮತ್ತೆ ಹಾಕಿದೆ. ಆ ಡಬ್ಬಿ ಹೊತ್ತಿಕೊಳ್ಳುವಾಗ ಒಂದು ಕ್ಷಣ ಅಂಕಿ ತೋರಿಸುತ್ತದೆ, ಸಂಜೆಯ ಅವಸರದಲ್ಲಿ ನಾನದನ್ನು ನೋಡಿರಲಿಲ್ಲ. 445 ಎಂದು ತೋರಿಸಿತು.

ಎಲ್ಲ ಒಮ್ಮೆಲೇ ತಿಳಿಯಿತು. ಅವನು ಬೆರಳು ಮೇಲೆ ಮಾಡಿದ್ದು, ತಂತಿ ಇಳಿಸಿದ್ದು, ನಾನು ಅದನ್ನು ಮತ್ತೆ ಏರಿಸಿದ್ದು. ಇಡೀ ಮೈದಾನದಲ್ಲಿ ಆಗುತ್ತಿದ್ದುದನ್ನು ಸರಿಯಾಗಿ ಹಿಡಿದದ್ದು ಅವನ ಕಿವಿಯೊಂದೇ.

ಅದೇ ಹೊತ್ತಿಗೆ ವೇದಿಕೆಯ ಮೆಟ್ಟಿಲ ಬಳಿ ಅಭಿಜಿತ್ ಹಿಂದಿಯಲ್ಲಿ ಬೈಯುತ್ತಿದ್ದ. ನನ್ನಿಂದ ನಾಲ್ಕು ಹೆಜ್ಜೆ. ತಂಡದವರೆಲ್ಲ ನಿಂತಿದ್ದರು.

“ನಿನಗೆ ಕಿವಿ ಇದೆಯೋ ಇಲ್ಲವೋ? ಕಿವಿಯೊಳಗೂ ಸಿಮೆಂಟ್ ತುಂಬಿದೆಯಾ?”

ಡ್ರಮ್ಮಿನವನು ನಕ್ಕ. ಭೀಮು ತಲೆ ತಗ್ಗಿಸಿ, “ಕಿವಿದೇ ತಪ್ಪು ಸರ್. ಚಿಕ್ಕಂದಿನಿಂದ ತೊಂದರೆ ಇದೆ” ಎಂದ.

ನಾನು ಬಳೆಯ ಪಿನ್ನು ತೆಗೆದೆ. ಇಳಿಸುವ ಗುಂಡಿಯನ್ನು ಐದು ಸಲ ಒತ್ತಿದೆ. 440 ಬಂತು. ಡಬ್ಬಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

ಮರೆತದ್ದು ತಪ್ಪು. ಮರೆವು ಯಾರಿಗಾದರೂ ಬರುತ್ತದೆ. ಆದರೆ ಆ ಐದು ಸಲ ಒತ್ತಿದ್ದು ಮರೆವಲ್ಲ. ಗುರುತು ಅಳಿಸಲು ಬೇಕೆಂದೇ ಒತ್ತಿದೆ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಂಡದಲ್ಲಿ ನಾನೊಬ್ಬಳೇ ಹೆಂಗಸು. ಏಳನೆಯ ತರಗತಿ ಓದಿದವಳು ಯಂತ್ರದ ಕೆಲಸ ಮಾಡುತ್ತಾಳಂತೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಅವರ ಮಾತು ನಿಜವಾಗುತ್ತದೆ ಎಂಬ ಭಯ. ನಾಳೆ ಭೀಮುಗೆ ಒಬ್ಬನಿಗೇ ಹೇಳಿದರಾಯಿತು ಎಂಬ ಉಪಾಯ. ಮರುದಿನ ಹೇಳಲಿಲ್ಲ. ಮೊದಲ ದಿನ ಹೇಳದ ಮಾತು ಎರಡನೆಯ ದಿನ ಇನ್ನೂ ಭಾರವಾಗುತ್ತದೆ, ಒಂದು ತಿಂಗಳಿಗೆ ಎತ್ತಲಾರದಷ್ಟಾಗುತ್ತದೆ.

ಪ್ರವಾಸದ ತಂಡಕ್ಕೆ ಬೇರೆ ಯಾರನ್ನೋ ಆರಿಸಿದರು. ಭೀಮು ತಾನಾಗಿಯೇ ತಂಡ ಬಿಟ್ಟ. “ನೀ ಬಿಡಬ್ಯಾಡಕ್ಕಾ, ನಿನ್ನ ಕೆಲಸ ಚೊಲೊ ಅದ” ಎಂದು ನನಗೇ ಹೇಳಿ ಹೋದ. ಬಣ್ಣದ ಕೆಲಸವನ್ನೂ ಬಿಟ್ಟು ಮಾರ್ಕೆಟ್ ಯಾರ್ಡಿನಿಂದ ಉಳ್ಳಾಗಡ್ಡಿ ಸಾಗಿಸುವ ಟೆಂಪೊ ಹಿಡಿದ. ನಾನೇ ಅವನನ್ನು ಕಿವಿಯ ಡಾಕ್ಟರ ಬಳಿ ಕರೆದೊಯ್ದೆ. ಪರೀಕ್ಷೆ ಮಾಡಿ, ಎರಡೂ ಕಿವಿ ಚೆನ್ನಾಗಿವೆ ಎಂದರು. ಅವನು ನಂಬಲಿಲ್ಲ. ಹೊರಗೆ ಬಂದು, “ಮಷೀನಿಗಿ ಕೇಳೋದು ಬ್ಯಾರೆ, ಹಾಡಿಗಿ ಕೇಳೋದು ಬ್ಯಾರೆ” ಎಂದ. ನಾನು ಪಕ್ಕದಲ್ಲಿ ಅವನ ರಿಪೋರ್ಟು ಹಿಡಿದು ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ನುಡಿಸು ಎಂದರೆ ಅವನು ತಾನೇ ನಗೆಯಾಡುತ್ತಿದ್ದ. “ಚಿಕ್ಕವಿದ್ದಾಗ ಕಿವಿ ಸೋರತಿತ್ತಲ್ಲ, ಅದರ ಸಂಗಟ ಸ್ವರಾನೂ ಸೋರಿ ಹೋದವು.” ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಈ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಭೀಮು ನಾನು ಬಿಡುವಿನಲ್ಲಿ ರಿಪೇರಿ ಮಾಡುವ ಕೋಣೆಗೆ ಬಂದ. ಉಳ್ಳಾಗಡ್ಡಿ ಚೀಲದಲ್ಲಿ ಸುತ್ತಿ ತನ್ನ ಗಿಟಾರ್ ತಂದಿದ್ದ. ಹೊಸ ತಂತಿ ಹಾಕಿ ಯಾರಿಗಾದರೂ ಕೊಟ್ಟುಬಿಡು ಎಂದ.

“ಯಾಕ? ಇರಲಿ ಬಿಡು ಮನ್ಯಾಗ.”

“ಮಗಳು ಕಲೀತೀನಿ ಅಂತ ಗಂಟು ಬಿದ್ದಾಳ. ಇದ್ದರ ಮುಟ್ಟತಾಳ. ನನ್ನ ಮಗಳಲ್ಲೇನು, ನನ್ನ ಕಿವೀನೇ ಬಂದಿರತದ. ನಾಳೆ ನಾಕ ಮಂದ್ಯಾಗ ನನ್ನಂಗ ತಲಿ ತಗ್ಗಸೋದು ಬ್ಯಾಡ.”

ನಾನು ತಂತಿ ಹಾಕಿದೆ. ಡಬ್ಬಿಗೆ ಚುಚ್ಚಿ ಒಂದೊಂದಾಗಿ ಏರಿಸುತ್ತ ಬಂದೆ. ಅವನು ಬಾಗಿಲ ಹೊರಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಎರಡನೆಯ ತಂತಿ ಆಯಿತೆಂದು ಮೂರನೆಯದಕ್ಕೆ ಕೈ ಹಾಕಿದಾಗ, ತಿರುಗಿ ನೋಡದೆ ಹೇಳಿದ.

“ಅದು ಇನ್ನೊಂದ ಕೂದಲೆಳಿ ಏರಬೇಕು.”

ನಾನು ಎರಡನೆಯ ತಂತಿಯನ್ನು ಮತ್ತೆ ಮೀಟಿ ಡಬ್ಬಿ ನೋಡಿದೆ. ತಂತಿ ಜಗ್ಗಿ ಇಳಿದಿತ್ತು. ದೀಪ ಹಸಿರಿನ ಅಂಚಿನಿಂದ ಕೆಂಪಿಗೆ ಸರಿದಿತ್ತು.

“ಅಂದಾಜಿಗಿ ಅಂದೆ. ನನ್ನ ಮಾತ ಹಿಡೀಬ್ಯಾಡ” ಎಂದು ಅವನೇ ಸೇರಿಸಿದ.

ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಸಾಸವಡದ ಕಾಕಾ ಅವರ ಪೆಟ್ಟಿಗೆಯಿಂದ ಹಿಡಿದು ಜಿಪ್ ಎಳೆದದ್ದರವರೆಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

“ನಿನಗ ಯಾವಾಗ ಗೊತ್ತಾತು?”

“ಅವತ್ತೇ.”

“ಅವತ್ತೇ ಅಂದ್ರ? ಮನಿಗಿ ಬಂದ ಮ್ಯಾಲ?”

“ಇಲ್ಲ. ಅವ ನಿನಗ ಸಿಮೆಂಟ್ ಅಂತ ಬೈಯೋಮುಂದ.”

ಅವನು ಗಿಟಾರನ್ನೇ ನೋಡಿದ. ನಾನು ಹೆಂಗಸು ಒಬ್ಬಳೇ ಇದ್ದೆ, ಅಂಜಿದೆ, ನಾಳೆ ಹೇಳೋಣ ಅಂದುಕೊಂಡೆ ಎಂದು ಏನೇನೋ ಹೇಳುತ್ತ ಹೋದೆ. ಅವನು ಕೈ ಎತ್ತಿದ.

“ಕಾರಣ ಸಾಕಕ್ಕಾ. ಕಾರಣ ನನಗೂ ಗೊತ್ತದ. ನೀ ಈಗ ನನಗೊಬ್ಬಗೇ ಹೇಳಿದ್ರ ನಿನ್ನ ಹೊಟ್ಟಿ ಹಗುರಾಗತದ. ನನಗೇನ ಬಂತು? ನಾಕ ಮಂದಿ ಮುಂದ ಹೋದ ಮಾನ ನಾಕ ಮಂದಿ ಮುಂದೇ ತಿರುಗಿ ಬರಬೇಕು. ಅವತ್ತ ಯಾರ್ಯಾರ ನಿಂತಿದ್ರೋ ಅವರೆಲ್ಲಾ ಇರಬೇಕು.”

ನಮ್ಮೂರ ಕಡೆ ಹಾಗೆಯೇ. ಕಟ್ಟೆಯ ಮೇಲೆ ಆಡಿದ ಮಾತನ್ನು ಮನೆಯೊಳಗೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಪುಣೆಯಲ್ಲೇ ಬೆಳೆದರೂ ಅವನು ಅದನ್ನು ಮರೆತಿರಲಿಲ್ಲ. ಗಿಟಾರ್ ಅಲ್ಲೇ ಬಿಟ್ಟು ಹೋದ.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ನುಡಿಸುವವನು ಸರಿಯಿಲ್ಲ ಎಂದು ಸನ್ನೆ ಮಾಡಿದರೆ ಮೊದಲು ನನ್ನನ್ನು ಅನುಮಾನಿಸಬೇಕು, ಆಮೇಲೆ ಡಬ್ಬಿಯನ್ನು, ಕೊನೆಗೆ ಅವನನ್ನು. ನಾನು ಈ ಸಾಲನ್ನು ತಲೆಕೆಳಗು ಮಾಡಿದೆ. ಯಂತ್ರವೇನೂ ಸುಳ್ಳು ಹೇಳಿರಲಿಲ್ಲ, ನಾನು ಕೊಟ್ಟ ಅಂಕಿಗೆ ಪ್ರಾಮಾಣಿಕವಾಗಿಯೇ ಇತ್ತು.

ಕಳೆದ ತಿಂಗಳು ತಾಲೀಮಿನ ದಿನ ಎಲ್ಲರನ್ನೂ ಸೇರಿಸಿದೆ. ಅಭಿಜಿತ್, ಡ್ರಮ್ಮಿನವನು, ಬೇಸ್ ಗಿಟಾರಿನವನು. ಅಂದಿನ ಕೀಬೋರ್ಡಿನವನು ಈಗ ನಾಶಿಕದಲ್ಲಿದ್ದಾನೆ, ಅವನನ್ನು ಫೋನಿನಲ್ಲಿ ಕರೆದು ಸ್ಪೀಕರಿಗೆ ಹಾಕಿದೆ. ಭೀಮು ಟೆಂಪೊ ನಿಲ್ಲಿಸಿ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

ನಾನು ಮರಾಠಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅಂಕಿ ಹೇಳಿದೆ, ಪಿನ್ನಿನಿಂದ ಒತ್ತಿದ್ದು ಹೇಳಿದೆ. ಅಭಿಜಿತ್ ನೆಲ ನೋಡುತ್ತ, “ಹೋಗಲಿ ಬಿಡಕ್ಕಾ, ಹಳೆಯ ಕಥೆ” ಎಂದ.

“ನನಗೆ ಹಳೆಯದಲ್ಲ” ಎಂದು ಭೀಮು ಬಾಗಿಲಿನಿಂದ ಹಿಂದಿಯಲ್ಲಿ ಹೇಳಿದ. “ಪೂರಾ ಹೇಳಲಿ.”

ಅಭಿಜಿತ್ ಅವನ ಹತ್ತಿರ ಹೋಗಲು ಎದ್ದ. ನಾನು ತಡೆದೆ. ಅವನ ಮಾತು ಅವನು ಆಮೇಲೆ ಹೇಳಲಿ, ನನ್ನದು ಮೊದಲು. ಎಲ್ಲರ ಎದುರಿಗೆ ನಡೆದುಹೋಗಿ ತಮ್ಮನ ಮುಂದೆ ನಿಂತೆ. ಮರಾಠಿ ಬಿಟ್ಟು ನಮ್ಮ ಮಾತಿನಲ್ಲಿ, ಫೋನಿನಲ್ಲಿ ಇದ್ದವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

“ಭೀಮು, ಅವತ್ತ ತಪ್ಪ ಮಾಡಿದಾಕಿ ನಾನು, ಗೊತ್ತಿದ್ದೂ ಮುಚ್ಚಿಟ್ಟಾಕಿ ನಾನು. ನಿನ್ನದೇನೂ ತಪ್ಪಿರಲಿಲ್ಲ. ನನ್ನ ಕ್ಷಮಸು, ತಮ್ಮಾ.”